ಅರವತ್ತಮೂರನೆಯ ಹುಣಸೆ ಬೀಜ

ಬೆಳಗ್ಗೆ ಆರೂಕಾಲು. ಕೃಷ್ಣಮೂರ್ತಿಪುರಂನ ಒಂದು ಮನೆಯ ಮುಂಗೋಣೆ. ಕಿಟಕಿ ಪಕ್ಕದ ಓರೆಮೇಜಿನ ಮುಂದೆ ನಿಂತ ಶಿವನಂಜಮ್ಮನವರ ಅಂಗೈಯಲ್ಲಿ ಒಂದು ಹುಣಸೆ ಬೀಜ ಉಳಿದುಬಿಟ್ಟಿದೆ. ಉಳಿಯಬಾರದಿತ್ತು.

ಫಿಲ್ಮಿನ ಗೆರೆಯಲ್ಲಿ ಗರಗಸದಂಥ ಅರವತ್ತಮೂರು ಹಲ್ಲು ಎಣಿಸಿ, ಹಲ್ಲಿಗೊಂದು ಬೀಜ ಅಂಗೈಗೆ ತೆಗೆದುಕೊಂಡಿದ್ದಾರೆ. ನಿನ್ನೆ ತಾವೇ ಮಸಿಯಲ್ಲಿ ಎಳೆದ ನಕಲಿನಲ್ಲಿ ಹಲ್ಲು ಸಿಕ್ಕಂತೆಲ್ಲ ಒಂದೊಂದು ಬೀಜ ಬಟ್ಟಲಿಗೆ ಹಾಕಿದರೆ ಅರವತ್ತೆರಡೇ ಸಿಗುತ್ತಿವೆ. ನಕಲು ಒಂಬತ್ತಕ್ಕೆ ಅಂಚೆಗೆ ಹೋಗಬೇಕು. ಬೀಜಗಳನ್ನೆಲ್ಲ ಬಟ್ಟಲಿಂದ ಅಂಗೈಗೆ ಸುರಿದುಕೊಂಡು ಮತ್ತೆ ಮೊದಲಿಂದ ಶುರು ಮಾಡುತ್ತಾರೆ.

ನೆಲದಡಿಯ ಎಣ್ಣೆಗಾಗಿ ದೂರದ ಸೀಮೆಯಲ್ಲಿ ಮೈಲಿ ಆಳ ಬಾವಿ ಕೊರೆಯುತ್ತಾರೆ. ತಂತಿಯ ತುದಿಗೆ ಯಂತ್ರ ಕಟ್ಟಿ ಅದರೊಳಗೆ ಇಳಿಸುತ್ತಾರೆ. ಯಂತ್ರ ಮೇಲೆ ಬರುತ್ತಾ ಅಡಿ ಅಡಿಗೂ ಬಂಡೆಯ ಗುಣವನ್ನು ಫಿಲ್ಮಿನ ಮೇಲೆ ಗೆರೆಯಾಗಿ ಮೂಡಿಸುತ್ತದೆ. ಒಂದು ಯಂತ್ರ ಬಾವಿಯ ಅಗಲ ಅಳೆಯುತ್ತದೆ, ಒಂದು ಬಂಡೆಯಲ್ಲಿ ವಿದ್ಯುತ್ತು ಹರಿಯುವ ಬಗೆ ನೋಡುತ್ತದೆ, ಮತ್ತೊಂದು ಸದ್ದು ಎಷ್ಟು ಬೇಗ ಓಡುತ್ತದೆಂದು ಹೇಳುತ್ತದೆ. ಮೂರರ ಗೆರೆಗಳನ್ನೂ ಆಳ ತಪ್ಪದಂತೆ ಅಡಿಯದು ಕಾಣುವಂಥ ಒಂದೇ ತೆಳು ಟ್ರೇಸಿಂಗ್ ಬಟ್ಟೆಯ ಮೇಲೆ ಪಕ್ಕಪಕ್ಕ ಎಳೆಯುವುದು ಶಿವನಂಜಮ್ಮನವರ ಕೆಲಸ. ಅದನ್ನು ಓದಿ ಎಲ್ಲಿ ಎಣ್ಣೆ, ಎಲ್ಲಿ ನೀರು, ಎಲ್ಲಿ ಬರೀ ಟೊಳ್ಳು ಎಂದು ಬರೆದು ಕಳಿಸುವವರು ಈ ಮನೆಯ ಯಜಮಾನರು, ನಿವೃತ್ತ ಭೂವಿಜ್ಞಾನಿ ಗೋವಿಂದರಾಜು.

ಮರಳುಗಲ್ಲಾದರೆ ಎಣ್ಣೆ ಕಾಳುಕಾಳಿನ ಸಂದಿಯಲ್ಲಿ ಸಮನಾಗಿ ಕೂತಿರುತ್ತದೆ. ಗೆರೆಯೂ ಸಮಾಧಾನವಾಗಿರುತ್ತದೆ. ಸುಣ್ಣಕಲ್ಲು ಹಾಗಲ್ಲ, ಅದು ಮೋಸದ ಕಲ್ಲು. ಬಿರುಕು ಬಿಟ್ಟಿರುತ್ತದೆ, ನೀರು ತಿಂದು ಆಳು ನುಗ್ಗುವಷ್ಟು ಪೊಟರೆಯಾಗಿರುತ್ತದೆ. ಎಣ್ಣೆ ಇರುವುದೂ ಆ ಪೊಟರೆಯಲ್ಲೇ, ಸಾವು ಇರುವುದೂ ಅಲ್ಲೇ. ಅಂಥ ಜಾಗದಲ್ಲಿ ಸದ್ದಿನ ಗೆರೆ ಗರಗಸದ ಹಲ್ಲಿನಂತೆ ಎದ್ದೆದ್ದು ಬೀಳುತ್ತದೆ.

ಅಶೋಕಪುರಂನ ಶಿವನಂಜಮ್ಮನವರಿಗೆ ಈಗ ನಲವತ್ತನಾಲ್ಕು. ತಂದೆ ಚಿಕ್ಕಣ್ಣ ಸರ್ವೆಯವರ ಜೊತೆ ಹೊಲ ಅಳೆಯುವ ಸರಪಳಿ ಎಳೆದವರು. ಮಗಳ ಕೈಬರಹ ನೋಡಿ ಆ ಸರ್ವೆಯವರೇ ಹಳ್ಳಿನಕ್ಷೆಗಳ ನಕಲು ತೆಗೆಯಲು ಕರೆದರು. ಹದಿನಾರು ವರ್ಷ ಅದೇ ಕೆಲಸ.

"ನಕ್ಷೇಲಿ ಗೆರೆ ನಡುಗ್ತು ಅಂದ್ರೆ ಹಿಂದೆ ಬರೆದೋರ ಕೈ ನಡುಗಿದೆ ಅಂತ್ಲೇ ಅರ್ಥ," ಎನ್ನುತ್ತಾರೆ. "ನಾವು ನೆಟ್ಟಗೆ ಮಾಡ್ಬುಡ್ತಿದ್ವು. ಅದಕ್ಕೇ ಭೇಷ್ ಅನ್ನಿಸ್ಕೊಂಡವಳು ಕಣ್ರೀ ನಾನು."

ಆ ಭೇಷೇ ಮುಳುವಾಯಿತು. ಈ ಕೆಲಸಕ್ಕೆ ಬಂದ ಹೊಸತು, ಸಾವಿರದ ಒಂಬೈನೂರ ಅರವತ್ತೊಂದರ ಶ್ರಾವಣ. ಒಂದು ಫಿಲ್ಮಿನಲ್ಲಿ ಮೂರು ಬೆರಳಗಲ ಗೆರೆ ಕಿತ್ತಾಡಿತ್ತು. ಕೊಳೆ ಇರಬೇಕೆಂದು ಅದನ್ನು ನುಣ್ಣಗೆ ಎಳೆದರು. ಕಣ್ಣಿಗೆ ಪೊರೆ ಬಂದಿದ್ದ ಗೋವಿಂದರಾಜು ಫಿಲ್ಮು ಬಿಟ್ಟು ದಪ್ಪ ಮಸಿಯ ನಕಲನ್ನೇ ಓದಿ 'ಗಟ್ಟಿ ಸುಣ್ಣಕಲ್ಲು' ಎಂದು ಬರೆದು ಕಳಿಸಿದರು. ಆ ಕಾಗದ ನಂಬಿ ಅಲ್ಲಿನವರು ಪಕ್ಕದಲ್ಲೇ ಇನ್ನೊಂದು ಬಾವಿ ಕೊರೆಯತೊಡಗಿದರು.

ಎರಡು ವಾರದ ಮೇಲೆ ಬೇರೊಂದು ಬಾವಿಯ ಫಿಲ್ಮು ಬಂತು.

"ಸಾರ್, ಈ ಸಲಾನೂ ಫಿಲ್ಮು ಕೊಳೆ," ಎಂದರು ಶಿವನಂಜಮ್ಮ.

ಗೋವಿಂದರಾಜು ಮಸೂರ ಹಿಡಿದು ಬಗ್ಗಿದರು. "ಕೊಳೆಯಲ್ಲಮ್ಮ, ಬಿರುಕು. ಬಂಡೆ ಒಡೆದಿದೆ ಅಲ್ಲಿ." ಆಮೇಲೆ ತಲೆ ಎತ್ತಿದರು. "ಈ ಸಲಾನೂ ಅಂದ್ರೆ?"

ಕೊರೆಯುವುದು ನಿಲ್ಲಿಸಿ ಎಂದು ಅವತ್ತೇ ಅಂಚೆಯಿಂದ ತಂತಿ ಕೊಟ್ಟರು. ಮೂರು ದಿನ ಉತ್ತರವಿಲ್ಲ. ಅಂಚೆಯವನ ಸೈಕಲ್ ಗಂಟೆ ಕೇಳಿದಾಗೆಲ್ಲ ಶಿವನಂಜಮ್ಮ ಪೆನ್ನು ಕೆಳಗಿಟ್ಟು ಬಾಗಿಲಿಗೆ ಹೋಗುತ್ತಿದ್ದರು. ನಾಲ್ಕನೆಯ ದಿನ ಕಾಗದ ಬಂತು. ತಂತಿ ಮುಟ್ಟುವ ಹಿಂದಿನ ದಿನವೇ ಕೊರೆಯುವ ಮೊನೆ ಪೊಟರೆಗೆ ನುಗ್ಗಿತ್ತು. ಕೆಳಗಿನ ಅನಿಲವನ್ನು ಅದುಮಿಡಲು ಬಾವಿಗೆ ತುಂಬಿದ್ದ ಕೆಸರೆಲ್ಲ ಪೊಟರೆ ಪಾಲಾಗಿ, ಅನಿಲ ಮೇಲೆ ನುಗ್ಗಿ ಬೆಂಕಿ ಹತ್ತಿತ್ತು. ಎಲ್ಲರೂ ಓಡಿ ಉಳಿದುಕೊಂಡರು. ಒಬ್ಬ ಆಳಿನ ಎರಡೂ ಕೈ ಸುಟ್ಟವು.

ಕೆಲಸ ಬಿಡುತ್ತೇನೆಂದಾಗ ಗೋವಿಂದರಾಜು ರೇಗಿದರಂತೆ. "ಬಿಟ್ಟು ಹೋಗೋದು ನಿಮಗೂ ಸುಲಭ, ನನಗೂ ಸುಲಭ. ನಾಳೆ ಬರೋರು ಮತ್ತೆ ನೆಟ್ಟಗೆ ಎಳೀತಾರೆ. ಬಂದು ಕೂತ್ಕೊಳ್ಳಿ."

ಕೂತರು. ಹುಣಸೆ ಬೀಜದ ಬಟ್ಟಲು ಬಂದದ್ದು ಆಗ. ಈಗ ನಾಲ್ಕು ವರ್ಷವಾಯಿತು. ದಿನಕ್ಕೆ ಆರುನೂರು ಅಡಿ ಆಳದ ಗೆರೆ. ಬಟ್ಟೆಗೆ ಸೀಮೆಸುಣ್ಣದ ಪುಡಿ ಉಜ್ಜಿ ಜಿಡ್ಡು ತೆಗೆಯಬೇಕು, ತಪ್ಪಿದ ಮಸಿಯನ್ನು ಬ್ಲೇಡಿನಲ್ಲಿ ಕೆರೆಯಬೇಕು, ಹಲ್ಲು ಬಂದಲ್ಲಿ ಉಸಿರು ಬಿಗಿಹಿಡಿಯಬೇಕು. ಎಣ್ಣೆ ಸಿಕ್ಕರೆ ಪತ್ರಿಕೆಯಲ್ಲಿ ಸೂಟು ಹಾಕಿದವರ ಫೋಟೋ ಬರುತ್ತದೆ. ಗೆರೆ ಎಳೆದವರು ಯಾರೆಂದು ಕೇಳುವ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ. ಪಕ್ಕದ ಮನೆ ಪುಟ್ಟತಾಯಮ್ಮನಿಗಂತೂ ಇದು ತಮಾಷೆ: "ಎಣ್ಣೆ ಬಾವೀನೇ ನೋಡ್ತೀಯಂತಲ್ಲವ್ವಾ, ನನ್ನ ಲಾಟೀನಿಗೆ ಒಂದು ಪಾವು ತಂದ್ಕೊಡು."

"ನಗ್ತೀನಿ, ಏನ್ಮಾಡೋದು," ಎನ್ನುತ್ತಾರೆ ಶಿವನಂಜಮ್ಮ. "ಆದ್ರೆ ಪೆನ್ನು ಹಿಡಿದಾಗೆಲ್ಲ ಭಯ. ಈ ಗೆರೆ ಕೆಳಗೆ ಯಾರೋ ನಿಂತವ್ರೆ ಅನ್ನಿಸ್ತದೆ."

ಏಳೂಮುಕ್ಕಾಲು. ಗೋವಿಂದರಾಜು ಕಾಫಿ ಲೋಟ ಹಿಡಿದು ಬರುತ್ತಾರೆ. "ಸಿಕ್ತೇ?"

"ಇಲ್ಲ ಸಾರ್."

"ಫಿಲ್ಮಲ್ಲಿ ಒಂದನ್ನೇ ಎರಡು ಸಲ ಎಣಿಸಿದ್ದೀರೇನೋ."

"ಎಣಿಸಿರಬೋದು ಅಂತ ಕಳಿಸ್ಬುಡೋಣ್ವಾ?"

ಗೋವಿಂದರಾಜು ಲೋಟವನ್ನು ಕಿಟಕಿಯ ಮೇಲಿಟ್ಟು ಇನ್ನೊಂದು ಮಸೂರ ತೆಗೆದು ಪಕ್ಕದಲ್ಲಿ ನಿಲ್ಲುತ್ತಾರೆ. ಕಾಫಿಗೆ ಕೆನೆ ಕಟ್ಟುತ್ತದೆ.

ಎಂಟೂಕಾಲಿಗೆ ಶಿವನಂಜಮ್ಮನವರ ಬೆರಳು ನಿಲ್ಲುತ್ತದೆ. ನೂರಡಿಗೊಂದರಂತೆ ಎಳೆಯುವ ದಪ್ಪ ಅಡ್ಡಗೆರೆಯ ಮಸಿಯ ಕೆಳಗೆ, ಅಕ್ಕಿನುಚ್ಚಿನಷ್ಟು ಸಣ್ಣ ಹಲ್ಲು ಹೂತುಹೋಗಿದೆ. ಬ್ಲೇಡಿನಿಂದ ಅಡ್ಡಗೆರೆಯನ್ನು ಅಲ್ಲಿಷ್ಟೇ ಕೆರೆದು, ಹಲ್ಲನ್ನು ಮತ್ತೆ ಬರೆಯುತ್ತಾರೆ. ಉಳಿದಿದ್ದ ಬೀಜ ಬಟ್ಟಲಿಗೆ ಬೀಳುತ್ತದೆ. ಬಟ್ಟೆಯ ಮೂಲೆಯಲ್ಲಿ ಸಣ್ಣಗೆ 'ಹಲ್ಲು ಅರವತ್ತಮೂರು' ಎಂದು ಬರೆಯುತ್ತಾರೆ. ಹೆಸರು ಹಾಕುವುದಿಲ್ಲ.

ಅಲ್ಲಿ ನಿಮ್ಮ ಹೆಸರು ಇರಬೇಕು ಅನ್ನಿಸುವುದಿಲ್ಲವೇ ಎಂದರೆ, ಮಸಿ ಆರಲೆಂದು ಸೆರಗಿನಿಂದ ಗಾಳಿ ಹಾಕುತ್ತಾ ಹೇಳುತ್ತಾರೆ:

"ನಂದು ಬುಡಿ. ಕೈ ಸುಟ್ಕೊಂಡ ಆ ಮನುಷ್ಯನ ಹೆಸರು ಒಂದು ಗೊತ್ತಾಗ್ಬೇಕಿತ್ತು. ಕಾಗದ್ದಲ್ಲಿ 'ಒಬ್ಬ ಆಳು' ಅಂತಷ್ಟೇ ಬರೆದಿದ್ರು."