ಅಜ್ಜಿ ಕೇಳಿದ ನೀರು

ಬೇಗೂರಿನಿಂದ ಒಳಕ್ಕೆ ಹೋಗುವ ಒಂದು ಹಳ್ಳಿಗೆ ನಾನೂ ಸಿಸ್ಟರೂ ಎರಡು ವರ್ಷ ಪ್ರತಿ ಬುಧವಾರ ಹೋಗಿದ್ದೇವೆ. ಅವರು ಕೇರಳದ ಕನ್ಯಾಸ್ತ್ರೀ, ಗುಂಡ್ಲುಪೇಟೆಯ ಮಿಷನ್ ದವಾಖಾನೆಯ ನರ್ಸ್. ನಾನು ಅದೇ ಸೀಮೆಯ ಉಡಿಗಾಲ ಎಂಬ ಊರಿನವಳು, ಅದೇ ದವಾಖಾನೆಯಲ್ಲಿ ಸಂಬಳಕ್ಕಿದ್ದೆ. ಅವರು ಜೀಪಿನಲ್ಲಿ ಜಪಮಾಲೆ ಹಿಡಿದರೆ, ಸೋಮವಾರ ಒಪ್ಪೊತ್ತು ಇರುವ ನಾನು ಪಕ್ಕದಲ್ಲಿ ಔಷಧಿ ಡಬ್ಬಿ ಹಿಡಿದು ಕೂರುತ್ತಿದ್ದೆ.

ಡಬ್ಬಿ ಹೊರುವುದಕ್ಕಿಂತ ದೊಡ್ಡ ಕೆಲಸ ನನ್ನದು ಇನ್ನೊಂದಿತ್ತು. ಯಾರ ಮನೆಯಲ್ಲಿ ಚಪ್ಪಲಿ ಎಲ್ಲಿ ಬಿಡಬೇಕು, ಯಾರು ಕೊಟ್ಟ ಕಾಫಿ ಬೇಡ ಅನ್ನಬಾರದು, ಎಲ್ಲವನ್ನೂ ಸಿಸ್ಟರ್‌ಗೆ ಹೇಳಿಕೊಡುವವಳು ನಾನೇ. ಅವರು ನನ್ನ ಮಾತು ಮೀರುತ್ತಿರಲಿಲ್ಲ. ಅದರಿಂದ ನನಗೆ ಜಂಬ ಹತ್ತಿತ್ತು, ಸುಳ್ಳೇಕೆ ಹೇಳಲಿ.

ಆ ಹಳ್ಳಿಯ ಒಬ್ಬ ಅಜ್ಜಿಗೆ ಸಕ್ಕರೆ ಕಾಯಿಲೆಯಿಂದ ಪಾದದ ಹುಣ್ಣು ಮಾಯುತ್ತಿರಲಿಲ್ಲ. ಸಿಸ್ಟರ್ ನೆಲದ ಮೇಲೆ ಕೂತು, ಆ ಪಾದವನ್ನು ಮಡಿಲಿಗೆ ಎಳೆದುಕೊಂಡು ತೊಳೆಯುತ್ತಿದ್ದರು. ದೇವರ ಕೆಲಸದವಳ ಕೈಗೆ ಕಾಲು ಕೊಟ್ಟರೆ ಪಾಪ ಬರುತ್ತದೆ ಎಂದು ಅಜ್ಜಿ ಮೊದಮೊದಲು ಹಿಂದೆಗೆದಳು. ಆಮೇಲೆ ಬುಧವಾರ ಬಂದರೆ ಜಗಲಿಯಲ್ಲಿ ಕಾದು ಕೂರುವಂತಾದಳು. ಗಂಡನಿಲ್ಲ, ಮಕ್ಕಳಿಲ್ಲ, ಇದೆಂಥ ಬಾಳು ಎಂದು ಸಿಸ್ಟರನ್ನು ರೇಗಿಸುವಳು. ಒಮ್ಮೆ ಸಿಸ್ಟರ್‌ಗೆ ಜ್ವರ ಬಂದಿದ್ದಾಗ ಮಾದಪ್ಪನ ವಿಭೂತಿ ತಂದು ಹಣೆಗೆ ಹಚ್ಚಿಯೇಬಿಟ್ಟಳು. ದಾರಿಯಲ್ಲಿ ಒರೆಸಿಕೊಳ್ಳುತ್ತಾರೆಂದು ನಾನು ಓರೆಗಣ್ಣಲ್ಲಿ ನೋಡುತ್ತಲೇ ಇದ್ದೆ. ಸಿಸ್ಟರ್ ಒರೆಸಿಕೊಳ್ಳಲಿಲ್ಲ.

ಅಜ್ಜಿಗೆ ಇದ್ದವನು ಒಬ್ಬನೇ ಮಗ. ಒಂದು ಬುಧವಾರ ಅವಳು ಸಿಸ್ಟರ್ ಕೈ ಹಿಡಿದುಕೊಂಡು, “ನಂಗೆ ಎಣ್ಮಗು ಇಲ್ಲ ಕಣವ್ವ. ನಾ ಓಗುವಾಗ ಬಾಯ್ಗೆ ನೀರ್ ನೀನೇ ಬುಡ್ಬೇಕು,” ಅಂದಳು. ಉಸಿರು ನಿಲ್ಲುವ ಹೊತ್ತಿಗೆ ಹತ್ತಿರದವರು ಒಂದೊಂದು ಚಮಚ ನೀರು ಬಿಡುವ ನಮ್ಮ ಪದ್ಧತಿಯನ್ನು ನಾನು ಬಿಡಿಸಿ ಹೇಳಿದೆ. ಸಿಸ್ಟರ್ ಖಂಡಿತ ಬಿಡುತ್ತೇನೆ ಎಂದು ಮಾತು ಕೊಟ್ಟರು.

ಆ ವರ್ಷವೇ ಎಲ್ಲೆಲ್ಲೋ ಚರ್ಚಿಗೆ ಕಲ್ಲು ಬಿದ್ದ ಸುದ್ದಿ ಪೇಪರಿನಲ್ಲಿ ಬರತೊಡಗಿತು. ಚಾಮರಾಜನಗರದ ಬಸ್‌ ಸ್ಟ್ಯಾಂಡಿನಲ್ಲಿ ಪರಿಚಯದವನೊಬ್ಬ, ಇದುವರೆಗೆ ಎಷ್ಟು ಜನರನ್ನು ಮತಾಂತರ ಮಾಡಿಸಿದೆ ಎಂದು ನಗುತ್ತ ಕೇಳಿದ. ಮನೆಯಲ್ಲೂ ಕೆಲಸ ಬಿಡು ಎಂದರು. ನಾನು ಎಲ್ಲರಿಗೂ ರೇಗಿ ಉತ್ತರ ಕೊಟ್ಟೆ. ಒಳಗೆ ಮಾತ್ರ ಪುಕಪುಕ ಅನ್ನುತ್ತಿತ್ತು.

ಅಜ್ಜಿಯ ಮಗ ಫೋನ್ ಮಾಡಿದ್ದು ಒಂದು ಮಧ್ಯಾಹ್ನ. ನಾವು ಹೋಗುವ ಹೊತ್ತಿಗೆ ಮನೆ ತುಂಬ ಜನ. ಮಗ ನೀರು ಬಿಟ್ಟ, ಸೊಸೆ ಬಿಟ್ಟಳು, ಆಮೇಲೆ ಲೋಟ ಸಿಸ್ಟರ್ ಕೈಗೆ ಬಂತು. ಅವರು ಚಮಚ ಎತ್ತಿದರು. ಬಾಗಿಲಲ್ಲಿ ಇಬ್ಬರು ಗುರುತಿಲ್ಲದ ಹುಡುಗರು ಕಣ್ಣು ಕೀಳದೆ ನೋಡುತ್ತಿದ್ದರು. ಸಾಯುವ ಹೆಂಗಸು, ಶಿಲುಬೆ ಹಾಕಿಕೊಂಡ ಕನ್ಯಾಸ್ತ್ರೀ, ಕೈಯಲ್ಲಿ ನೀರು. ನಾನು ಅವರ ಮೊಣಕೈ ಹಿಡಿದು ಕಿವಿಯಲ್ಲಿ, “ಬೇಡ ಸಿಸ್ಟರ್. ಜ್ಞಾನಸ್ನಾನ ಮಾಡಿಸಿ ಮತಕ್ಕೆ ಸೇರಿಸಿದ್ರು ಅಂತಾರೆ,” ಅಂದೆ.

ಅವರು ನನ್ನ ಮುಖ ನೋಡಿದರು. ಊರಿನ ವಿಷಯದಲ್ಲಿ ಎಂದೂ ನನ್ನ ಮಾತು ಮೀರದವರು ಅಂದೂ ಮೀರಲಿಲ್ಲ. ಚಮಚವನ್ನು ಲೋಟಕ್ಕೆ ಇಳಿಸಿದರು. ಅಜ್ಜಿಯ ಬಾಯಿ ತೆರೆದೇ ಇತ್ತು. ಅರ್ಧ ಗಂಟೆಯಲ್ಲಿ ಹೋದಳು.

ಹನ್ನೊಂದನೆಯ ದಿನ ಮತ್ತೆ ಹೋದೆವು. ಬಾಗಿಲಲ್ಲಿದ್ದ ಆ ಇಬ್ಬರು ಅಜ್ಜಿಯ ತಮ್ಮನ ಮೊಮ್ಮಕ್ಕಳು, ನಂಜನಗೂಡಿನಿಂದ ಓಡಿ ಬಂದಿದ್ದವರು ಎಂದು ಅವತ್ತು ತಿಳಿಯಿತು. ಎಲೆಗೆ ಬಡಿಸುತ್ತಿದ್ದರು ಪಾಪ, ಅತ್ತು ಅತ್ತು ಕಣ್ಣು ಬಾತಿತ್ತು. ಜ್ಞಾನಸ್ನಾನ ಅಂದರೇನೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗ ನಮ್ಮನ್ನು ಕೂರಿ ಅನ್ನಲಿಲ್ಲ.

“ನಮ್ಮವ್ವ ನಿಮ್ ಕೈ ನೀರ್ಗೇ ಕಾಯ್ತಿದ್ಲು. ಹುಣ್ ತೊಳ್ದ ಕೈಗೆ ಬಾಯಿ ಹೇಸ್ಗೆ ಆಗೋಯ್ತಾ ಸಿಸ್ಟ್ರೇ?”

ನಾನು ಬಾಯಿ ತೆರೆಯಬೇಕಿತ್ತು. ಅಷ್ಟರಲ್ಲಿ ಸಿಸ್ಟರ್ ಕೈಮುಗಿದು, ತಪ್ಪು ನನ್ನದು, ನನಗೆ ಧೈರ್ಯ ಸಾಲಲಿಲ್ಲ ಎಂದರು. ಅವರ ಕಣ್ಣು ನನ್ನ ಕಡೆ ತಿರುಗಲೇ ಇಲ್ಲ. ನಾನು ನೆಲ ನೋಡುತ್ತ ನಿಂತೆ. ಆ ಮನೆಗೆ ಅವರು ಮತ್ತೆ ಕಾಲಿಡುವಂತಾಗಲಿಲ್ಲ. ಮರುವರ್ಷ ಅವರಿಗೆ ಬೇರೆ ಕಡೆಗೆ ವರ್ಗವಾಯಿತು.

ಅಜ್ಜಿಯ ಮಗ ಈಗಲೂ ಬೇಗೂರಿನಲ್ಲಿ ಸಿಗುತ್ತಾನೆ. ಬೇಡವೆಂದರೂ ಕಾಫಿ ಕುಡಿಸುತ್ತಾನೆ. ಹೊರಡುವಾಗ, “ಆಯಮ್ಮ ಬುಡಿ, ಹೊರಗ್ನೋರು. ನೀವು ನಮ್ಮೋರು ಕಣಕ್ಕ,” ಅನ್ನುತ್ತಾನೆ. ನಾನು ಹೂಂಗುಟ್ಟಿ ಬಸ್ಸು ಹತ್ತುತ್ತೇನೆ.