ಕೆನಡಾಕ್ಕೆ ಹೋಗಿ ಮೂಡಲಗಿಯಲ್ಲಿದ್ದ ಬಸವಲಿಂಗ

ಬೆಲ್ಲದ ಬಾಗೇವಾಡಿಯಿಂದ ಮುಂಬೈಗೆ ಹೋದವರಿದ್ದಾರೆ, ಸೈನ್ಯಕ್ಕೆ ಹೋದವರಿದ್ದಾರೆ, ಹುಕ್ಕೇರಿಯ ಕೋರ್ಟಿಗಂತೂ ದಿನಾ ಹೋಗುವವರಿದ್ದಾರೆ. ಆದರೆ ಕೆನಡಾಕ್ಕೆ ಹೋಗಿ, ಮೂರು ತಿಂಗಳು ಅಲ್ಲಿದ್ದು, ಆ ಮೂರೂ ತಿಂಗಳು ಮೂಡಲಗಿಯಲ್ಲಿ ರೊಟ್ಟಿ ತಿಂದ ವೀರ ಬಸವಲಿಂಗನೊಬ್ಬನೇ.

ಬಸವಲಿಂಗ ಸಕ್ಕರೆ ಕಾರ್ಖಾನೆಯೊಂದರಲ್ಲಿ ವೆಲ್ಡರ್ ಆಗಿದ್ದ. ಮೂವತ್ತೈದು ದಾಟಿದ್ದರೂ ಮದುವೆಯಾಗಿರಲಿಲ್ಲ. ಚಿಕ್ಕಂದಿನಲ್ಲೇ ತಂದೆತಾಯಿ ತೀರಿಹೋಗಿ, ಅಕ್ಕ ಪಾರವ್ವ ಅವನನ್ನು ಬೆಳೆಸಿದ್ದಳು. ಪಾರವ್ವನ ಗಂಡನೂ ಈಗಿಲ್ಲ. ಅವಳ ಪಾಲಿಗೆ ಉಳಿದವರು ಮಗಳು ಐಶ್ವರ್ಯ ಮತ್ತು ಈ ತಮ್ಮ. ಕಬ್ಬಿಣಕ್ಕೆ ಕಬ್ಬಿಣ ಬೆಸೆಯುವವರು ಕೆನಡಾದಲ್ಲಿ ಸಿಗುವುದಿಲ್ಲವಂತೆ, ಅಂಥವರಿಗೆ ಅಲ್ಲೇ ಕಾಯಂ ಇರಲು ಪರವಾನಗಿ ಕೊಡುತ್ತಾರಂತೆ ಎಂದು ಬೆಳಗಾವಿಯ ಏಜೆಂಟನೊಬ್ಬ ಅವನ ತಲೆಯೊಳಗೆ ಕಿಡಿ ಹಾರಿಸಿದ. ಅರ್ಜಿ ಹೋಯಿತು. ಇಂಗ್ಲಿಷ್ ಪರೀಕ್ಷೆ, ವೈದ್ಯರ ತಪಾಸಣೆ, ಪೊಲೀಸರ ದಾಖಲೆ ಎಲ್ಲ ಮುಗಿದು ಮಂಜೂರಾತಿಯೊಂದು ಬಾಕಿ ಉಳಿಯಿತು.

"ಈ ವಾರದಾಗ ಬಂದ್ಬಿಡತೈತ್ರಿ," ಎಂದ ಏಜೆಂಟ.

ಊರಿಗೆ ಅಷ್ಟು ಸಾಕಾಯಿತು. ನಮ್ಮ ಕಡೆ ಸತ್ಕಾರ ಮಾಡಲು ಕೆಲಸ ಪೂರ್ತಿ ಆಗಿರಬೇಕೆಂದಿಲ್ಲ, ಆಗುವ ಸುಳಿವಿದ್ದರೆ ನಡೆಯುತ್ತದೆ. ಯುವಕ ಮಂಡಳದವರು ಬ್ಯಾನರ್ ಹಾಕಿಸಿದರು. ಅದರಲ್ಲಿ ಬಸವಲಿಂಗ ಕಪ್ಪು ಕನ್ನಡಕ ಧರಿಸಿ ಹಿಂದಿನ ವಿಮಾನಕ್ಕಿಂತ ದೊಡ್ಡದಾಗಿ ನಿಂತಿದ್ದ. ಕೆಳಗೆ ಹೊರಡುವ ತಾರೀಖು. ಅದನ್ನು ಯಾರು ನಿಶ್ಚಯಿಸಿದರೆಂದು ಇವತ್ತಿಗೂ ಗೊತ್ತಾಗಿಲ್ಲ. ಖಾಲಿ ಜಾಗ ಚೆನ್ನಾಗಿ ಕಾಣುವುದಿಲ್ಲವೆಂದು ಬ್ಯಾನರ್ ಅಂಗಡಿಯವನೇ ಹಾಕಿದ್ದರೂ ಹಾಕಿರಬಹುದು. ಶಾಲು ಬಿದ್ದವು, ಹಾರ ಬಿದ್ದವು. ಓಣಿಯ ಒಂದೊಂದು ಮನೆಯವರೂ ಕರೆದು ಹೋಳಿಗೆ ಉಣ್ಣಿಸಿದರು. ಇಷ್ಟೆಲ್ಲ ಉಂಡವನು ಹೋಗದೆ ಉಳಿದರೆ ಅದಕ್ಕಿಂತ ದೊಡ್ಡ ಅಪರಾಧ ಯಾವುದು? ತಾರೀಖು ಬಂದಾಗ ಮಂಜೂರಾತಿ ಬಂದಿರಲಿಲ್ಲ. ಬಸವಲಿಂಗ ಬ್ಯಾನರಿನ ಆಜ್ಞೆಯನ್ನು ಶಿರಸಾವಹಿಸಿ, ಕೆಲಸಕ್ಕೆ ರಾಜೀನಾಮೆ ಕೊಟ್ಟು, ಮುಂಬೈಯಲ್ಲಿ ಕಾಯುತ್ತೇನೆಂದು ಯಾರಿಗೂ ಹೇಳದೆ, ಕೆನಡಾಕ್ಕೆ ಹೊರಟ.

ಘಟಪ್ರಭಾ ನಿಲ್ದಾಣದಲ್ಲಿ ಪಾರವ್ವ ಎರಡು ಡಬ್ಬಿ ಗೋಕಾಕ ಕರದಂಟು ಕೈಗಿಟ್ಟಳು. "ಒಂದ ನಿನಗ. ಇನ್ನೊಂದ ಅಲ್ಲಿ ಸಾಹೇಬರಿಗೆ ಕೊಡು. ಬಾಯಿ ಸಿಹಿ ಆದ್ರ ಲಗೂನ ಸಹಿ ಹಾಕ್ತಾರ."

ಸಾಹೇಬರು ಸಿಗಲಿಲ್ಲ. ಮುಂಬೈಯ ಲಾಡ್ಜಿನಲ್ಲಿ ಕುಳಿತು ಬಸವಲಿಂಗ ಮೊಬೈಲಿನಲ್ಲಿ ಅರ್ಜಿಯ ಗತಿ ನೋಡಿದಾಗಲೆಲ್ಲ "ಪರಿಶೀಲನೆಯಲ್ಲಿದೆ" ಎಂಬ ಉತ್ತರವೇ ಬರುತ್ತಿತ್ತು. ಅಷ್ಟರಲ್ಲಿ ಕೊರೊನಾ ಬಂತು. ಕೆನಡಾ ತನ್ನ ಬಾಗಿಲು ಹಾಕಿಕೊಂಡಿತು. ನಮ್ಮವರು ವಿಮಾನ ನಿಲ್ಲಿಸಿದರು. ಇನ್ನು ರೈಲೂ ಬಂದ್ ಎಂಬ ಸುದ್ದಿ ಹಬ್ಬಿ, ಲಾಡ್ಜಿನವನು ಎಲ್ಲರನ್ನೂ ಹೊರಗೆ ಹಾಕಿದ. ಉಳ್ಳಾಗಡ್ಡಿ ಇಳಿಸಿ ಗೋಕಾಕಕ್ಕೆ ಮರಳುತ್ತಿದ್ದ ಲಾರಿಯೊಂದು ನಮ್ಮ ವೀರನನ್ನು ಹತ್ತಿಸಿಕೊಂಡಿತು. ಸಾಹೇಬರ ಕರದಂಟನ್ನು ಲಾರಿಯವನೂ ಅವನೂ ಸತಾರಾ ದಾಟುವುದರೊಳಗೆ ಮುಗಿಸಿದರು.

ಕಣಗಲಾ ಬಂದಾಗ ಫೋನ್ ಬಂತು. ಅಕ್ಕನ ಮನೆ ಅಲ್ಲಿಂದ ಒಂದು ತಾಸಿನ ದಾರಿ.

"ತಮ್ಮಾ, ಮುಟ್ಟಿದ್ಯೇನೊ? ಇಲ್ಲೆ ಎಲ್ಲಾರೂ ಕೇಳಾಕತ್ತಾರ."

ಅವಳ ಹಿಂದೆ ಓಣಿಯ ಹೆಂಗಸರ ಗದ್ದಲ ಕೇಳಿಸುತ್ತಿತ್ತು. ಅವರೆಲ್ಲರ ಮನೆಯಲ್ಲಿ ಉಂಡ ಹೋಳಿಗೆ ಅವನಿಗೆ ಲೆಕ್ಕಸಮೇತ ನೆನಪಾಯಿತು.

"ಹೂಂ ಅಕ್ಕಾ," ಎಂದ ಬಸವಲಿಂಗ. "ಮುಟ್ಟೇನಿ."

ಹೀಗೆ ಕೆನಡಾ ತಲುಪಿದ ಮೇಲೆ ಅವನು ಊರಿನ ದಾರಿ ಕವಲೊಡೆಯುವ ಸಂಕೇಶ್ವರದಲ್ಲಿ ಇಳಿಯುವ ಧೈರ್ಯ ಮಾಡದೆ, ಗೋಕಾಕ ದಾಟಿ, ಮೂಡಲಗಿಯಲ್ಲಿ ಬೀರಸಿದ್ದಪ್ಪನ ಬಾಗಿಲು ತಟ್ಟಿದ. ಬೀರಸಿದ್ದಪ್ಪ ಐಟಿಐಯಲ್ಲಿ ಅವನ ಜೊತೆ ಕಲಿತವನು. ಗೇಟು, ಗ್ರಿಲ್ಲು ಮಾಡುವ ಅಂಗಡಿ ಇಟ್ಟಿದ್ದ. ಎಲ್ಲ ಕೇಳಿ, ಗೆಳೆಯನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಬರ್ರಿ ಬರ್ರಿ ಕೆನಡಾದವ್ರ, ಚಾ ಕುಡೀತೀರೋ, ಬರ್ಫ ಬೇಕೊ?" ಎಂದ.

ಅಂಗಡಿಯ ಹಿಂದಿನ ಕೋಣೆ ಬಸವಲಿಂಗನ ವಿದೇಶವಾಯಿತು. ರೈತರ ಕೆಲಸಕ್ಕೆ ಅಂಗಡಿ ತೆರೆಯಬಹುದು ಎಂದಾದ ಮೇಲೆ ಅವನು ನೇಗಿಲು, ರೆಂಟೆ, ಟ್ರೇಲರಿನ ಮುರಿದ ಅಚ್ಚು ಬೆಸೆಯುತ್ತ ಕುಳಿತ. ಅಡಗಿಕೊಂಡವನಿಗೆ ಅದಕ್ಕಿಂತ ಒಳ್ಳೆಯ ಉದ್ಯೋಗ ಭೂಮಿಯ ಮೇಲಿಲ್ಲ. ಮೂಗು ಬಾಯಿಗೆ ಸರ್ಕಾರದ ಮಾಸ್ಕ್, ಅದರ ಮೇಲೆ ವೆಲ್ಡಿಂಗಿನ ಕವಚ. ಬಾಗೇವಾಡಿಯ ಹಿರಿಯರೊಬ್ಬರು ಬಂದು ಎದುರಿಗೇ ಕುಳಿತು ಟ್ರೇಲರ್ ಮಾಡಿಸಿಕೊಂಡು ಹೋದರು, ಕೆನಡಾದ ಬಸವಲಿಂಗನ ಗುಣಗಾನವನ್ನೂ ಮಾಡಿ ಹೋದರು. ಕವಚದೊಳಗೆ ನಮ್ಮ ವೀರನ ಕಿವಿ ಕಬ್ಬಿಣಕ್ಕಿಂತ ಮೊದಲು ಕೆಂಪಾದವು.

ಆದರೆ ಅಕ್ಕನ ಫೋನಿಗೆ ಯಾವ ಕವಚವೂ ಇರಲಿಲ್ಲ. ಐಶ್ವರ್ಯಳ ಮೊಬೈಲಿನಿಂದ ಪಾರವ್ವ ದಿನಾ ಕರೆಯುತ್ತಿದ್ದಳು. ತನ್ನ ಮೊಬೈಲಿನ ಕ್ಯಾಮೆರಾ ಒಡೆದಿದೆಯೆಂದು ಅವನು ಹೇಳಿದ್ದರಿಂದ ಬರೀ ಮಾತು.

"ಏನೋ ಅದು, ನಿಮ್ಮಲ್ಲಿ ಹುಂಜ ಕೂಗಾಕತ್ತೈತಿ?"

"ಇಲ್ಲೂ ಹುಂಜ ಅದಾವ ಅಕ್ಕಾ."

"ಥೇಟ್ ನಮ್ಮ ಹುಂಜದಂಗ ಕೂಗತೈತಲ್ಲೊ."

"ಹುಂಜ ಎಲ್ಲಿದ್ರೂ ಹುಂಜನ ಅಕ್ಕಾ."

ಬೀರಸಿದ್ದಪ್ಪ ಬಾಯಿಗೆ ಟವೆಲ್ ತುರುಕಿಕೊಂಡು ಹೊರಗೆ ಓಡಿದ. ಬಸವಲಿಂಗನಿಗೂ ನಗು ಬಂತು. ಅದು ಪೂರ್ತಿ ಬರುವ ಮೊದಲೇ ಅಕ್ಕನ ದನಿ ಸಣ್ಣದಾಯಿತು.

"ಟೀವಿಯಾಗ ತೋರಸಾಕತ್ತಾರೊ, ನಿಮ್ಮ ದೇಶದಾಗ ಮಂದಿ ಹುಳಾ ಸತ್ತಂಗ ಸಾಯಾಕತ್ತಾರಂತ. ನಿನಗ ಜ್ವರ ಬಂದ್ರ ಹಣಿ ಮ್ಯಾಲ ಕೈ ಇಡಾಕ ಯಾರದಾರೊ ಅಲ್ಲಿ?"

ಆಗ ಅವನ ಕೈಯಲ್ಲಿದ್ದದ್ದು ಬೀರಸಿದ್ದಪ್ಪನ ತಾಯಿ ಬಡಿದುಕೊಟ್ಟ ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ. ಬಾಯಲ್ಲಿದ್ದ ತುತ್ತನ್ನು ನೀರು ಕುಡಿದು ಇಳಿಸಿದ. ಪಶ್ಚಾತ್ತಾಪಕ್ಕೆ ಅವನ ಹಸಿವನ್ನು ಗೆಲ್ಲಲು ಆಗಲಿಲ್ಲ, ಆದರೆ ರುಚಿಯನ್ನು ಕಿತ್ತುಕೊಂಡಿತು. ಅಂದಿನಿಂದ ಊಟದ ಮುಂದೆ ಕುಳಿತಾಗಲೆಲ್ಲ ಅಕ್ಕ ಅಲ್ಲಿ ಉಪ್ಪಿಟ್ಟನ್ನೂ ಮುಟ್ಟದೆ ಟೀವಿ ಮುಂದೆ ಅಳುತ್ತ ಕುಳಿತಂತೆ ಕಾಣುತ್ತಿತ್ತು. ಮಂಜೂರಾತಿ ಬಂದುಬಿಟ್ಟರೆ ಸುಳ್ಳು ತಾನಾಗಿಯೇ ನಿಜವಾಗುತ್ತದೆ ಎಂದು ಅವನು ದಿನಾ ಬೆಳಗ್ಗೆ ಮೊಬೈಲಿನ ಮುಂದೆ ತಪಸ್ಸಿಗೆ ಕೂರುತ್ತಿದ್ದ. ದೇವರು ದಿನಾ ಒಂದೇ ವರ ಕೊಡುತ್ತಿದ್ದ: "ಪರಿಶೀಲನೆಯಲ್ಲಿದೆ."

ಇದಕ್ಕೆ ಕಲಶವಿಟ್ಟಂತೆ ಐಶ್ವರ್ಯಳ ಮದುವೆ ಬಂತು. ಕಣಗಲಾದ ಅಭಿಷೇಕನ ಜೊತೆ ನಿಶ್ಚಯ ಮೊದಲೇ ಆಗಿತ್ತು. ಹುಡುಗನದು ಹೆದ್ದಾರಿ ಪಕ್ಕ ಟೈರಿನ ಅಂಗಡಿ. ಅವನ ತಂದೆ ಶಿವಕುಮಾರ, ಐವತ್ತು ಮಂದಿಗೆ ಸರ್ಕಾರ ಅನುಮತಿ ಕೊಟ್ಟಿದೆ, ಮನೆಯ ಮುಂದೆಯೇ ಹಂದರ ಹಾಕಿ ಮುಗಿಸೋಣ ಎಂದು ಅವಸರ ಮಾಡುತ್ತಿದ್ದ. ಪಾರವ್ವ ಒಪ್ಪಲಿಲ್ಲ. ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಅವಳಿಗಿರುವುದು ಒಬ್ಬನೇ ತಮ್ಮ, ಅವನು ಸಮುದ್ರದಾಚೆ.

"ಆಷಾಢಕ್ಕ ಮದಲ ಮದಿವಿ ಅಕ್ಕಿಕಾಳ ಬೀಳಬೇಕಂತ. ಇಲ್ಲಾಂದ್ರ ಬ್ಯಾರೆ ಹೆಣ್ಣ ನೋಡ್ತಾರಂತ," ಎಂದಳು ಪಾರವ್ವ ಫೋನಿನಲ್ಲಿ. "ನೋಡಲಿ ಬಿಡು."

ಬಸವಲಿಂಗ ಕುಳಿತಲ್ಲಿಂದ ಎದ್ದು ನಿಂತ. "ಬ್ಯಾಡಕ್ಕಾ, ಯಾರರ ಕಾಕಾರ ಕೈಲೆ ಆಕೀನ್ನ ಮಂಟಪಕ್ಕ ಕರಸು. ನಾ ಇಲ್ಲದಿದ್ರ ಏನಾತು?"

"ಏನಾತು? ದೇಶಾ ಬಿಟ್ಟಾಂವ ಸೋದರಮಾವ ಅನ್ನೂದನ್ನೂ ಬಿಟ್ಯೇನ? ನೀ ಬರೂತನಕಾ ನನ್ನ ಮಗಳ ಹಂದರಕ್ಕ ಬರಂಗಿಲ್ಲ."

ಆ ಕಡೆ ಮೊಬೈಲನ್ನು ಐಶ್ವರ್ಯ ಕಸಿದುಕೊಂಡದ್ದು ಕೇಳಿಸಿತು. "ಮಾಮಾ, ಅವ್ವಗ ನೀನ ಹೇಳ. ಅವರು ಖರೇನ ಬ್ಯಾರೆ ನೋಡಾಕತ್ತಾರ." ಮುಂದೆ ಬಿಕ್ಕಿದ್ದಷ್ಟೇ ಕೇಳಿಸಿತು.

"ಖರೆ ಹೇಳಿಬಿಡೊ," ಎಂದ ಬೀರಸಿದ್ದಪ್ಪ. ಮೂರು ತಿಂಗಳಲ್ಲಿ ಅವನು ನಗದೆ ಆಡಿದ ಮಾತು ಅದೊಂದೇ.

ಖರೆ ಹೇಳಲು ಬಸವಲಿಂಗನಿಗೆ ಬಾಯಿ ಬರಲಿಲ್ಲ, ಇನ್ನೊಂದು ಸುಳ್ಳು ಸರಾಗವಾಗಿ ಬಂತು. ಸರ್ಕಾರ ವಿಶೇಷ ವಿಮಾನ ಬಿಟ್ಟಿದೆ, ಅದರಲ್ಲಿ ಬರುತ್ತಿದ್ದೇನೆ, ಮದುವೆ ಇಟ್ಟುಕೊಳ್ಳಿ ಎಂದ. ಮದುವೆಯ ಹಿಂದಿನ ದಿನ, ಹೊರಟಾಗಿನ ಅದೇ ಕೋಟು ಅದೇ ಸೂಟ್‌ಕೇಸು, ಗೋಕಾಕದ ಬಜಾರಿನಲ್ಲಿ ಕೊಂಡ ಚಾಕಲೇಟುಗಳ ಸಮೇತ, ಬೀರಸಿದ್ದಪ್ಪನ ಟಂಟಂ ಗಾಡಿಯಲ್ಲಿ ಕೆನಡಾದಿಂದ ಬಂದಿಳಿದ. ಪಾರವ್ವ ಆರತಿ ಎತ್ತಿ, ತಮ್ಮನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. "ಎಷ್ಟ ಸೊರಗೀಯೊ!" ಎಂದಳು. ಎಣಗಾಯಿ ತಿಂದು ಉಬ್ಬಿದ್ದ ಗಲ್ಲ ಆ ಕೈಗಳ ನಡುವೆ ಸುಟ್ಟಂತಾಯಿತು. ಐಶ್ವರ್ಯ ಕಾಲಿಗೆ ಬಿದ್ದಳು. ಹಂದರ ನೋಡಲು ಕಣಗಲಾದಿಂದ ಬಂದಿದ್ದ ಶಿವಕುಮಾರ ದೂರದಿಂದಲೇ ಕೈಮುಗಿದ.

ಅಷ್ಟು ದೊಡ್ಡ ಸುಳ್ಳಿನ ಮಹಲು ಕಟ್ಟಿದವನು ಒಂದನ್ನು ಮರೆತಿದ್ದ. ಅದು ಕೈಚೀಲ ಹಿಡಿದು ಹಂದರದೊಳಗೆ ನಡೆದು ಬಂತು: ಆಶಾ ಕಾರ್ಯಕರ್ತೆ ಸತ್ತೆವ್ವ.

"ನಮಸ್ಕಾರ್ರಿ ಅಣ್ಣಾರ. ಫಾರಿನ್‌ದಿಂದ ಬಂದೀರಂತಲ್ಲ. ಕೈ ತೋರಸ್ರಿ, ಶಿಕ್ಕಾ ಹೊಡದಾರೇನು?"

ವಿಮಾನ ನಿಲ್ದಾಣದಲ್ಲಿ ಒತ್ತುವ ಶಿಕ್ಕೆಯ ಮುದ್ರೆ ಕೈಯ ಮೇಲಿರಲಿಲ್ಲ, ಕ್ವಾರಂಟೈನ್ ಮುಗಿಸಿ ಬಿಟ್ಟ ಚೀಟಿಯೂ ಇರಲಿಲ್ಲ.

"ಹಂಗಾರ ನೀವು ಹದಿನಾಲ್ಕ ದಿನ ಹುಕ್ಕೇರಿ ಹಾಸ್ಟೆಲ್‌ದಾಗ ಇರಬೇಕ್ರಿ. ಮುಟ್ಟಿದವರು, ಅಂದ್ರ ಅಕ್ಕಾರೂ ಐಶ್ವರ್ಯಾನೂ, ಮನೀ ಬಿಟ್ಟ ಹೊರಗ ಬರೂವಂಗಿಲ್ಲ. ಬಾಗಲಕ್ಕ ಚೀಟಿ ಹಚ್ತೀನಿ."

"ಸತ್ತೆವ್ವಾ, ನಾಳೆ ಮದಿವಿ ಐತಿ!" ಪಾರವ್ವ ಕೂಗಿದಳು.

"ನನಗೂ ಊಟದ ಆಸೆ ಇತ್ರಿ ಅಕ್ಕಾರ. ಏನ ಮಾಡೂದು?"

ಶಿವಕುಮಾರ ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡು ಹಂದರದ ಹೊರಗೆ ಜಿಗಿದ. "ನಾಳೆ ಏನೂ ಬ್ಯಾಡ್ರಿ! ನಮ್ಮ ಕಡೆಯಿಂದ ಮುಗೀತು!"

ಐಶ್ವರ್ಯ ಕಂಬ ಹಿಡಿದು ಕುಸಿದಳು. ಅರಿಷಿಣದ ಕೈಯ ಗುರುತು ಕಂಬದ ಮೇಲೆ ಉಳಿಯಿತು. ಅದನ್ನು ನೋಡಿ ಬಸವಲಿಂಗನ ಬಾಯಿ ಕೊನೆಗೂ ತೆರೆಯಿತು.

"ನಾ ಕೆನಡಾಕ್ಕ ಹೋಗೇ ಇಲ್ಲ."

ಮೂರು ತಿಂಗಳು ಆಡಿದ ಸುಳ್ಳನ್ನೆಲ್ಲ ನಂಬಿದ್ದ ಜನ ಅವನ ಮೊದಲ ಸತ್ಯವನ್ನು ನಂಬಲಿಲ್ಲ. "ಹಾಸ್ಟೆಲ್ ತಪ್ಪಿಸ್ಕೊಳ್ಳಾಕ ಸುಳ್ಳ ಹೇಳಾಕತ್ತಾರ!" ಎಂದು ಶಿವಕುಮಾರ ಹೊರಗಿನಿಂದಲೇ ಅರಚಿದ. ಬಸವಲಿಂಗ ಪಾಸ್‌ಪೋರ್ಟ್ ತೆಗೆದು ಸತ್ತೆವ್ವನ ಕೈಗೆ ಕೊಟ್ಟ. ಅವಳು ಒಂದೊಂದೇ ಹಾಳೆ ತಿರುವಿದಳು. ಅಷ್ಟು ನಿಷ್ಕಳಂಕವಾದ ಪಾಸ್‌ಪೋರ್ಟ್ ಅಷ್ಟು ಕಳಂಕಿತನ ಕಿಸೆಯಲ್ಲಿ ಎಂದೂ ಇದ್ದಿರಲಾರದು.

"ಎಲ್ಲಾ ಖಾಲಿ ಐತ್ರಿ," ಎಂದಳು. "ಹಂಗಾರ ಎಲ್ಲಿದ್ರಿ?"

"ಮೂಡಲಗಿಯಾಗ."

ಸತ್ತೆವ್ವ ಶಿಕ್ಕೆಯನ್ನು ಚೀಲಕ್ಕೆ ಹಾಕಿಕೊಂಡಳು. "ಮೂಡಲಗಿಗೆ ಶಿಕ್ಕಾ ಇಲ್ರಿ ಅಣ್ಣಾರ."

ರೋಗದ ಭಯ ಇಳಿಯಿತು, ಶಿವಕುಮಾರನ ಸಿಟ್ಟು ಏರಿತು. ಅವನು ಮತ್ತೆ ಹಂದರದೊಳಗೆ ಬಂದ. "ಮೂಡಲಗಿ ಏನ ಸಮುದ್ರದ ಆಚೀಕಡೆ ಐತೇನ್ರಿ? ಇಷ್ಟ ದಿನ ನಮ್ಮನ್ನ ಕಾಯಿಸಿ ಮಂಗ್ಯಾ ಮಾಡಿದ್ರ್ಯಾ? ಇಂಥಾ ಸುಳ್ಳರ ಮನೀ ಹೆಣ್ಣ ನಮಗ ಬ್ಯಾಡ!"

ಪಾರವ್ವ ಇನ್ನೂ ಆರತಿಯ ತಟ್ಟೆ ಹಿಡಿದೇ ನಿಂತಿದ್ದಳು. ತಮ್ಮನನ್ನು ನೋಡಿದಳು. ಗುರುತು ಸಿಗದವರನ್ನು ನೋಡುವಂತೆ ನೋಡಿದಳು. ನಂತರ ತಟ್ಟೆಯನ್ನು ಕೆಳಗಿಟ್ಟು, ಶಿವಕುಮಾರನ ಮುಂದೆ ಹೋಗಿ ಕೈಜೋಡಿಸಿದಳು.

"ತಪ್ಪ ನಂದರಿ ಬೀಗರ. ಮೂಡಲಗಿಯಾಗ ಇರು, ಕೆನಡಾದಾಗ ಅದೇನಿ ಅನ್ನು ಅಂತ ನಾನ ಅವಗ ಹೇಳಿದ್ದೆ. ಐಶ್ವರ್ಯಾನ ಅಪ್ಪ ಹೋದ ಮ್ಯಾಲ ಮನಿಯಾಗ ಇದ್ದಾಕಿ ಇಕಿ ಒಬ್ಬಾಕೀನ. ಕಳಸಿಕೊಡಾಕ ಮನಸ ಬರಲಿಲ್ಲ. ಒಂದ ನೆವಾ ಬೇಕಾಗಿತ್ತು. ನನ್ನ ತಮ್ಮ ಎಂದೂ ಸುಳ್ಳ ಹೇಳಿದಾಂವ ಅಲ್ರಿ. ನಾ ಹೇಳಿಸೇನಿ. ಬೈಯೂದಿದ್ರ ನನಗ ಬೈರಿ."

"ಅಕ್ಕಾ, ಇಲ್ಲ..." ಎಂದು ಬಸವಲಿಂಗ ಮುಂದೆ ಬಂದ.

"ನೀ ಸುಮ್ಮನಿರು," ಎಂದಳು ಪಾರವ್ವ, ತಿರುಗಿ ನೋಡದೆ.

ಹೆಣ್ಣು ಹೆತ್ತವಳ ಆ ಮಾತಿಗೆ ಶಿವಕುಮಾರ ಒಂದಷ್ಟು ಗೊಣಗಿದ, ಪಾರವ್ವನಿಗೆ ನಾಲ್ಕು ಮಾತು ಬೈದ, ಅವಳು ಎಲ್ಲಕ್ಕೂ ತಲೆಬಾಗಿದಳು. ಕೊನೆಗೆ, "ಮದಲ ಹೇಳಿದ್ರ ನಾವೇನ ತಿಳಕೊಳ್ಳತಿರಲಿಲ್ಲೇನ್ರಿ ಅಕ್ಕಾರ?" ಎಂದು ಕುರ್ಚಿ ಎಳೆದುಕೊಂಡು ಕೂತ. ಮರುದಿನ ಅಕ್ಕಿಕಾಳು ಬಿತ್ತು. ಸೋದರಮಾವ ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತಂದ. ಅಕ್ಕನ ಮಾತಿಗಾಗಿ ಮೂರು ತಿಂಗಳು ಮೂಡಲಗಿಯಲ್ಲಿ ವನವಾಸ ಮಾಡಿದ ತಮ್ಮನನ್ನು ಐವತ್ತು ಮಂದಿಯೂ ಬಾಯ್ತುಂಬ ಹೊಗಳಿದರು. ಹಠಮಾರಿ ಪಾರವ್ವನ ಬಗ್ಗೆ ಅಷ್ಟೇ ಬಾಯ್ತುಂಬ ಆಡಿಕೊಂಡರು. ಎರಡೂ ಅವನ ಕಿವಿಗೆ ಬಿದ್ದವು. ಅವನು ಬಾಯಿ ತೆರೆದರೆ ಮದುವೆ ಮುರಿಯುತ್ತಿತ್ತು, ತೆರೆಯದಿದ್ದರೆ ಅಕ್ಕನ ಹೆಸರು ಕೆಡುತ್ತಿತ್ತು. ಹೆಸರು ಕೆಡಲು ಬಿಟ್ಟು ನಿಂತ.

ಮಂದಿ ಕರಗಿದ ಮೇಲೆ ಅಡುಗೆಯ ಒಲೆಯ ಹತ್ತಿರ ಹೋಗಿ, "ಅಕ್ಕಾ, ಯಾಕ ಹಂಗ ಹೇಳಿದಿ?" ಎಂದ.

"ನೀ ಸುಳ್ಳ ಹೇಳೂ ಮುಂದ ನನ್ನ ಕೇಳಿದ್ದ್ಯೇನ? ನಾನೂ ಕೇಳಲಿಲ್ಲ," ಎಂದಳು ಪಾರವ್ವ. "ಜ್ವರಾ ಗಿರಾ ಏನೂ ಬರಲಿಲ್ಲಲ್ಲ? ಆತು. ಉಣ್ಣಾಕ ಕುಂಡ್ರು."

ಆ ವಿಷಯವನ್ನು ಅವಳು ಮತ್ತೆ ಎತ್ತಲೇ ಇಲ್ಲ. ಬೈದಿದ್ದರೆ ಬಸವಲಿಂಗ ಅತ್ತು ಹಗುರಾಗುತ್ತಿದ್ದ. ಆ ಸೌಲಭ್ಯವನ್ನು ಅವಳು ಒದಗಿಸಲಿಲ್ಲ.

ಮಂಜೂರಾತಿ ಮರುವರ್ಷ ದೀಪಾವಳಿಯ ಹೊತ್ತಿಗೆ ಬಂತು. ಈಗ ಅವನು ನಿಜವಾಗಿಯೂ ಕೆನಡಾದಲ್ಲಿ ಕಬ್ಬಿಣ ಬೆಸೆಯುತ್ತಾನೆ, ವಾರಕ್ಕೊಮ್ಮೆ ವಿಡಿಯೋ ಕರೆ ಮಾಡುತ್ತಾನೆ. ಅಕ್ಕ ಎತ್ತಿದ ಕೂಡಲೇ, ಏನೂ ಮಾತಾಡುವ ಮೊದಲು, ಮೊಬೈಲನ್ನು ಕಿಟಕಿಗೆ ಹಿಡಿಯುತ್ತಾನೆ: ಅಗೋ ಬಸ್‌ಸ್ಟಾಪು, ಅಗೋ ಅಲ್ಲಿನ ಬೋರ್ಡು, ಅಗೋ ಅಲ್ಲಿನ ಪೊಲೀಸರ ಗಾಡಿ. ಪಾರವ್ವನಿಗೆ ಆ ಬೋರ್ಡು ಓದಲು ಬರುವುದಿಲ್ಲ. ಅವನು ಒಂದೊಂದೇ ಅಕ್ಷರ ಓದಿ ಹೇಳುತ್ತಾನೆ.

"ತಮ್ಮಾ," ಎನ್ನುತ್ತಾಳೆ ಅವಳು ಸಮಾಧಾನವಾಗಿ, "ಎಲ್ಲಿದ್ದಿ ಅಂತ ನಾ ಕೇಳಿಲ್ಲಲ್ಲೊ."