ಹೊಳೆದಂಡೆಗೆ ಹಾಕಿದ ಗುದ್ದಲಿ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ ಬಂದ ನಾನು ಕಕ್ಕಬೆಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಆಳು-ಲೆಕ್ಕ ನೋಡಿಕೊಳ್ಳುವ ರೈಟರಾಗಿದ್ದೆ. ಹೊಳೆಯ ಅಂಚಿನವರೆಗೂ ಕಳೆ ಕೆತ್ತಿಸುವುದು ನಮ್ಮ ಪದ್ಧತಿ. ದಂಡೆಯ ಕಾಡುಹೂಗಳು ಹೋದವು, ಹಿಂದೆಯೇ ಜೇನೂ ಹೋಯಿತು. ಪಕ್ಕದ, ಅರೆಭಾಷೆ ಮಾತಾಡುವ ರೈತರೊಬ್ಬರ ಏಲಕ್ಕಿ ಹೂ ಬಿಟ್ಟರೂ ಕಾಯಿ ಕಟ್ಟಲಿಲ್ಲ. ದಂಡೆಗೆ ಮತ್ತೆ ಹೂ ತರೋಣ ಎಂದು ಅವರನ್ನು ಒಪ್ಪಿಸಿದವನು ನಾನೇ.

ಬೇಸಿಗೆಯಲ್ಲಿ ತುಂಬೆ, ನೆಕ್ಕರೆ, ಕಾಡುಗೌರಿಯಂಥ ಕಾಡುಹೂಗಳ ಬೀಜ ಕೂಡಿಸಿದೆವು. ಅಗೆಯದೆ ಏನೂ ಬೆಳೆಯದು ಎಂಬುದು ಕಾಫಿಯವರ ನಂಬಿಕೆ; ಓದಿದ ನನಗೂ ಅದೇ. ಆಳು ಹಚ್ಚಿ ದಂಡೆಯನ್ನು ಮೊಣಕಾಲಾಳ ಅಗೆಸಿದೆ.

“ಕಾಡಿಗೆ ಯಾರ್ ಗುದ್ದಲಿ ಹಾಕಿದ್ದ್ ರೈಟರೇ? ಚೆಲ್ಲಿಬುಟ್ಟರೆ ಸಾಕ್,” ಎಂದು ಆ ರೈತರು ನಕ್ಕರು.

“ಬೇರು ಆಳಕ್ಕೆ ಇಳೀಬೇಕಲ್ಲ.”

“ಆಯ್ತ್, ಓದಿದವು ನೀವು. ನಂಗೆಂತ ಗೊತ್ತುಟ್ಟು?”

ಮೊದಲ ಮಳೆಗೆ ತುಂಬೆ ಚಿಗುರಿ ಹೂವಾಯಿತು. ಅವರು ಮೂರು ಜೇನುಪೆಟ್ಟಿಗೆ ತಂದು ದಂಡೆಯ ಮೇಲಿಟ್ಟರು. ಕಕ್ಕಡ ತಿಂಗಳ ಜಡಿಮಳೆಗೆ ಹೊಳೆ ಏರಿದಾಗ, ಬೆಳಿಗ್ಗೆ ಪೆಟ್ಟಿಗೆ ಎತ್ತಿಡಲು ಇಬ್ಬರೂ ಹೋದೆವು. ಅವರು ಎರಡನೆಯದಕ್ಕೆ ಬಾಗಿದ್ದರು. ನಾವು ಅಗೆದ ಗೆರೆಯುದ್ದಕ್ಕೂ ದಂಡೆ ಬಿರಿಯಿತು. ಪೆಟ್ಟಿಗೆ, ಹೂ, ಮನುಷ್ಯ ಎಲ್ಲ ಒಟ್ಟಿಗೆ ಜಾರಿದವು.

ಹೊಳೆಮತ್ತಿ ಮರದ ಒಂದು ಬೇರು ಅವರ ಎಡಗೈಗೆ ಸಿಕ್ಕಿತು. ನಾನು ಹೊಟ್ಟೆಯ ಮೇಲೆ ಮಲಗಿ ಬಲಗೈ ಮಣಿಕಟ್ಟು ಹಿಡಿದೆ. ನೀರು ಅವರ ಎದೆಯವರೆಗಿತ್ತು. ಆಗ ನನ್ನ ಎದೆಯ ಕೆಳಗಿನ ಮಣ್ಣು ಕುಸಿಯಿತು, ಒಂದು ಬೆರಳಿನಷ್ಟು. ನಾನು ಕೈಬಿಟ್ಟು ತೆವಳುತ್ತಾ ಹಿಂದೆ ಸರಿದೆ. ಕೈ ಜಾರಲಿಲ್ಲ, ನಾನೇ ಬಿಟ್ಟೆ. ಈಗಲೂ ಬಸ್ಸಿನ ಕಂಬಿ ಹಿಡಿದು ನಿಂತಾಗ ಬೆರಳುಗಳು ಸಡಿಲುವುದು ತಿಳಿಯುತ್ತದೆ, ಮುಂದಿನ ನಿಲ್ದಾಣದಲ್ಲಿ ಇಳಿದುಬಿಡುತ್ತೇನೆ.

ಕೂಗಿದೆ. ಕೂಲಿಲೈನಿನ ಆಳುಗಳು ಹಗ್ಗ ತರುವವರೆಗೆ ಅವರು ಒಬ್ಬರೇ ಆ ಬೇರಿಗೆ ತೂಗಾಡಿದರು. ಅಷ್ಟು ಹೊತ್ತೂ ನಾನು ಆ ಕಡೆ ನೋಡಲಿಲ್ಲ.

ಅವರು ಬದುಕಿದರು, ಎಡಭುಜ ಮತ್ತೆ ಮೇಲೇಳಲಿಲ್ಲ. ದಂಡೆಯಲ್ಲಿ ಹೂವಿಲ್ಲ, ಹೂ ಬೆಳೆಯಲು ಮಣ್ಣೂ ಇಲ್ಲ. ಉಳಿದ ಒಂದು ಪೆಟ್ಟಿಗೆಯ ಜೇನು ಹಾರಿಹೋಯಿತು. ಏಲಕ್ಕಿ ಕಿತ್ತು ಕಾಫಿ ಹಾಕುವುದೆಂದು ಅವರ ಮನೆಯಲ್ಲಿ ತೀರ್ಮಾನವಾಯಿತು.

ಮಳೆ ನಿಂತ ಮೇಲೆ ನೋಡಲು ಹೋದೆ. ಅವರೇ ಮಾತು ತೆಗೆದರು.

“ನೀವು ಕೈಬುಟ್ಟದ್ದ್ ಸರಿಯೇ. ಇಲ್ಲದಿದ್ರೆ ಇಬ್ಬರೂ ಹೋಗ್ತಿದ್ದೊ. ನಾನಾದ್ರೂ ಹಂಗೇ ಮಾಡ್ತಿದ್ದೆ.”

ಅವರ ಹೆಂಡತಿ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ರೈಟರು ಕೊನೆಯವರೆಗೂ ಹಿಡಿದಿದ್ದರು ಎಂದು ಅಷ್ಟು ದಿನ ಊರಿಗೆಲ್ಲ ಹೇಳಿದವರು ಆಕೆಯೇ. ಲೋಟವನ್ನು ನನ್ನ ಮುಂದಿಟ್ಟು ಒಳಗೆ ಹೋದರು.